ಸರಕು: ಇತರೆ

ಸಂತೇಪೇಟೆಯಾಚೆ, ಮಂಡಿ ಗೇಟಿನೆದುರು
ನನ್ನದು ಅರವತ್ತು ಟನ್ನಿನ ತಕ್ಕಡಿ.
ಹತ್ತು ಕೇಜಿಗಿಂತ ಸಣ್ಣದು ಅದರ ಕಣ್ಣಿಗೆ ಬೀಳದು.
ಶುಂಠಿ, ಜೋಳ, ಆಲೂಗಡ್ಡೆ,
ಒಮ್ಮೆ ಕ್ಯಾಂಪಿಗೆ ಹೊರಟ ಆನೆ ಕೂಡ:
ಲಾರಿಯ ಮೇಲೆ ಅರೆನಿದ್ದೆಯಲ್ಲಿ ಕಾಲು ಬದಲಿಸುತ್ತ
ಅಂಕಿಗಳನ್ನು ಕುಣಿಸಿತ್ತು.

ಈ ಬೆಳಗ್ಗೆ ಐದೂವರೆ, ಹಾಸನದ ಮಂಜು ಇನ್ನೂ ಎದ್ದಿರಲಿಲ್ಲ.
ನೆಲಕ್ಕೆ ಮೂಗು ಹಚ್ಚಿಕೊಂಡು ಬಂತು ಅದು.
ಬಣ್ಣ, ಹೇಗೆ ಹೇಳಲಿ,
ಪೂರ್ತಿ ಮಾಗದ ನೇರಳೆ;
ದೀಪ ಬಿದ್ದಲ್ಲಿ ಕೆಂಪು, ಬೀಳದಲ್ಲಿ ಕಪ್ಪು.
ತಕ್ಕಡಿಯ ದಿಬ್ಬದ ಬುಡದಲ್ಲೇ ನಿಂತುಬಿಟ್ಟಿತು.
ಹೊಟ್ಟೆಗೂ ನೆಲಕ್ಕೂ ನಾಲ್ಕೇ ಬೆರಳು.

ಹಮಾಲಿ ಬೋರಲಿಂಗ ಬಗ್ಗಿ ನೋಡಿದ.
"ಹಲಗೆ ಹಾಕ್ಬೇಕು ಕಣಕ್ಕಾ,
ಬಸುರೀನ ಬಸ್ ಹತ್ತಿಸ್ದಂಗೆ ಹತ್ತಿಸ್ಬೇಕು."
ಲಾರಿಯ ಹಲಗೆ ಬಂದವು, ಮೇಲೆ ಶುಂಠಿ ವಾಸನೆಯ ಗೋಣಿ.
ಏಳುನೂರು ಕುದುರೆಗಳು
ಉಸಿರು ಬಿಗಿಹಿಡಿದು ಒಂದೊಂದೇ ಹೆಜ್ಜೆ ಏರಿದವು.

ಬಾಗಿಲು ಬದಿಗೆ ತೆರೆಯಲಿಲ್ಲ,
ಹಸು ಕಿವಿ ನಿಮಿರಿಸಿದಂತೆ ಮೇಲಕ್ಕೆದ್ದಿತು.
ಇಳಿದವರು ಧರಣೇಂದ್ರ, ಕಲ್ಲು ಕ್ವಾರಿಯವರು.
ಲೋಕಕ್ಕೆಲ್ಲ ಅರವತ್ತಮೂರೇ ಮಾಡಿದ್ದಂತೆ,
ಇದು ನಲವತ್ತೊಂದನೆಯದು. ಹೊಸ್ತಿಲಲ್ಲಿ ಕೊರೆದದ್ದು ತೋರಿಸಿದರು.
ನನ್ನ ಚೀಟಿ ಪುಸ್ತಕದಲ್ಲಿ ಮಧ್ಯಾಹ್ನದೊಳಗೆ
ನಲವತ್ತೊಂದು ದಾಟುತ್ತದೆ. ಹೇಳಲಿಲ್ಲ.

"ಕಂಪನಿ ಬರೆದಿರೋದು ಸಾವಿರದ ಇನ್ನೂರ ಎಂಬತ್ತು.
ನಮ್ಮ ಭಾವಮೈದ ನಂಬಲ್ಲ. ತೂಗಿ, ಸೀಲು ಹಾಕಿ ಕೊಡಿ."

ಆಮೇಲೆ ಮಾತು ಅವರದೇ:
ಒಳಗೆ ಹಿಡಿಕೆಯಿಲ್ಲ, ಬಾಗಿಲೆಳೆಯಲು ಬರೀ ಒಂದು ಚರ್ಮದ ಪಟ್ಟಿ.
ಬೋಲ್ಟುಗಳ ಹೊಟ್ಟೆಯನ್ನೂ ಕೊರೆದು ಟೊಳ್ಳು ಮಾಡಿದ್ದಾರೆ.
ಬಣ್ಣ ಒಂದು ಪದರ ಕಡಿಮೆ ಬಳಿದು
ಕಾಲು ಕೇಜಿ ಉಳಿಸಿದ್ದಾರೆ.
ಕಾಲು ಕೇಜಿ!
ಅದಕ್ಕಾಗಿ ಎಲ್ಲೋ ಯಾರೋ ಒಬ್ಬ ನಿದ್ದೆಗೆಟ್ಟಿದ್ದಾನೆ.
ನಾನು ಬಲ್ಲವರೆಲ್ಲ
ಗೋಣಿಗೆ ನೀರು ಚಿಮುಕಿಸಿ
ಕಾಲು ಕೇಜಿ ಏರಿಸಲು ನಿದ್ದೆಗೆಡುವವರು.

"ಮೈಯೆಲ್ಲ ಕಾರ್ಬನ್" ಅಂದರು.
ಕಾರ್ಬನ್ ನನಗೂ ಗೊತ್ತು.
ಚೀಟಿ ಚೀಟಿಯ ನಡುವೆ ಮಲಗುವ ನೀಲಿ ಹಾಳೆ,
ತಾನೇನೂ ತೂಗದೆ ಊರಿನ ತೂಕವೆಲ್ಲ ಹೊರುವುದು.

ಅವರು ಮತ್ತೆ ಒಳಗೆ ಕೂತರು. ಅಂಕಿ ಕುಣಿಯಿತು:
೧೩೭೦, ೧೩೯೦, ೧೩೮೦.
ನಿಲ್ಲಲು ಮೂರು ಸೆಕೆಂಡು ಬೇಕು ನನ್ನ ಯಂತ್ರಕ್ಕೆ.
"ಅಷ್ಟರಲ್ಲಿ ಇದು ನೂರು ಮುಟ್ಟಿರುತ್ತೆ."
"ಮುಟ್ಟಿಸಿದ್ದೀರಾ?"
ಅವರು ಬಿ.ಎಂ. ರಸ್ತೆಯ ಕಡೆ ನೋಡಿದರು.
"ಒಂದ್ಸಲ. ಬೈಪಾಸಲ್ಲಿ, ರಾತ್ರಿ ಎರಡಕ್ಕೆ.
ಬೆನ್ನು ಸೀಟಿಗೆ ಅಂಟಿಬಿಡ್ತು, ಅಮ್ಮನ ಹೆಸರು ಬಾಯಿಗೆ ಬಂತು.
ಆಮೇಲೆ ಹಂಪು ಬಂತು."

ಕೆಳಗಿಳಿದರು: ೧೩೦೦.
ಆ ಇಪ್ಪತ್ತು ಕೇಜಿ ಎಲ್ಲಿಂದ ಬಂತೆಂದು
ನಿಂಬೆಹಣ್ಣು ಬಿಚ್ಚಿದರು, ಚೆಂಡುಹೂವಿನ ಹಾರ ತೆಗೆದರು,
ಸೀಟಿನಡಿಯ ನೀರಿನ ಬಾಟಲಿ ತೆಗೆದರು.
ಆಗಲೂ ೧೩೦೦.
"ಎಣ್ಣೆ ಹಾಕ್ದೆ ತೂಗಿರ್ತಾರೆ ಸ್ವಾಮಿ," ಬೋರಲಿಂಗ ಹೇಳಿದ,
"ಹಸ್ದೋನು ಹಗುರಾನೇ."

ಚೀಟಿ ಬರೆದೆ.
ಒಟ್ಟು ೧೩೮೦. ಖಾಲಿ ಗಾಡಿ ೧೩೦೦. ನಿವ್ವಳ ೮೦.
ಸರಕು ಎಂಬ ಕಲಂ ಖಾಲಿ ಬಿಡುವಂತಿಲ್ಲ;
'ಇತರೆ' ಎಂದು ತುಂಬಿದೆ.
ಅವರು ಬೆಳಕಿಗೆ ಹಿಡಿದು ಓದಿದರು.
"ಈ ನಿವ್ವಳ... ನಾನಾ?"
"ಹೌದು ಸಾರ್."
ನಕ್ಕರು. ಇನ್ನೊಮ್ಮೆ ಓದಿದರು. ನಗಲಿಲ್ಲ.
ಅರವತ್ತು ರೂಪಾಯಿಗೆ ಐನೂರರ ನೋಟು ಕೊಟ್ಟರು,
ಚಿಲ್ಲರೆಗೆ ಕಾದು ನಿಂತರು.

ಹಲಗೆ ಇಳಿದು ಗೇಟು ದಾಟಿದ ಮೇಲೆ ಒಮ್ಮೆ ಕೂಗಿತು,
ಹೆಜ್ಜೇನು ಗೂಡಿಗೆ ಗೂಡೇ ಎದ್ದ ಹಾಗೆ;
ನನ್ನ ಗಾಜು, ಲೋಟದ ಟೀ, ಎದೆಯ ಗೂಡು
ಮೂರೂ ನಡುಗಿದವು.
ಅಷ್ಟರಲ್ಲಿ ಎದುರಿಗೆ ಜೋಳದ ಟ್ರ್ಯಾಕ್ಟರು.
ಮಂಜಿನಲ್ಲಿ ಅದರ ಹಿಂದೆ, ಅದರ ವೇಗದಲ್ಲೇ,
ಕೆಂಪು ದೀಪ ಮೆಲ್ಲಗೆ ಕರಗಿತು.

ಮುಂದಿನದು ಆಲೂರಿನ ಶುಂಠಿ. ಹಾರನ್ನು.
ಕಾರ್ಬನ್ ಹಾಳೆ ಎತ್ತಿ ಹೊಸ ಚೀಟಿಯಡಿ ಇಟ್ಟೆ.
ಅಂಕಿ ಕುಣಿಯತೊಡಗಿತು.
ಇಷ್ಟು ವರ್ಷದಲ್ಲಿ ಮೊದಲ ಸಲ
ಎಣಿಸಿದೆ: ಒಂದು,
ಎರಡು.